ನೀಲಿ ಹಾಕಿ ಒಗೆದ ಮಾಸ್ಕು

“ಹಿಟ್ಟು ಅಂದ್ರ ಕಣ್ಣಿಗೆ ಕಾಣೋದಷ್ಟ ಅಲ್ರಿ ಅಕ್ಕ. ನೀವು ಡಬ್ಬಿಯಾಗ ತುಂಬ್ಕೊಂಡು ಮನಿಗೆ ಒಯ್ತೀರಲ್ಲ, ಅದು ಕುಂತ ಹಿಟ್ಟು. ಇನ್ನೊಂದು ನಿಂತ ಹಿಟ್ಟು ಐತಿ, ಗಾಳಿಯಾಗ. ಮುಂಜಾನಿ ಒಂಬತ್ತಕ್ಕ ಆ ಕಿಟಕ್ಯಾಗ ಬಿಸಿಲು ಕೋಲಿನಂಗ ಬೀಳ್ತೈತಲ್ಲ, ಅದರಾಗ ನೋಡ್ರಿ ಹೆಂಗ ಆಡ್ತೈತಿ. ಗಿರಣಿ ನಿಲ್ಲಿಸಿ ಒಂದು ತಾಸು ಆದ್ರೂ ಅದು ಕೆಳಗ ಇಳಿಯಂಗಿಲ್ಲ. ನಾನು ಮದುವಿ ಆಗಿ ಬಂದಾಗ ನಮ್ಮ ಅತ್ತಿ ಹೇಳಿದ್ಲು, ಜೋಳದ ಹಿಟ್ಟು ಮೂಗಿಗೆ ಹೋದ್ರ ಏನೂ ಆಗಂಗಿಲ್ಲ, ಅದು ಅನ್ನ, ಹೊಟ್ಟಿಗೆ ಹೋಗೋದು ಮೂಗಿಗೆ ಹೋತು ಅಷ್ಟ ಅಂತ. ಮೂವತ್ತೊಂದು ವರ್ಷ ನಾನೂ ಅದನ್ನ ನಂಬಿದ್ದೆ. ನಮ್ಮ ಯಜಮಾನ್ರು ಕೆಮ್ಮಿ ಕೆಮ್ಮಿ ಕೊನಿಗೆ ಎರಡು ವರ್ಷ ಕಟ್ಟಿ ಮ್ಯಾಲ ಕುಂತ್ರಲ್ಲ, ಅವಾಗೂ ಬೀಡಿ ಸೇದಿದ್ದಕ್ಕ ಹಿಂಗಾತು ಅಂದ್ಕೊಂಡೆ. ನಾನು ಬೀಡಿ ಸೇದಿಲ್ಲ, ಎಲಿ ಅಡಕಿ ಬಾಯಿಗೆ ಹಾಕಿಲ್ಲ. ಆದ್ರೂ ಅದ ಕೆಮ್ಮು ನನಗೂ ಬಂತು. ಈಗ ಮಾಸ್ಕು ಹಾಕ್ಕೋ ಅಂದ್ರು, ಹಾಕ್ಕೊಂಡೆ. ಬ್ಯಾಡ ಅಂದಿಲ್ಲ. ಆದ್ರ ಬಾಯಿಗೆ ಕಟ್ಟಿದ್ದು ಎಂಜಲಲ್ಲೇನ್ರಿ? ನಿನ್ನಿ ಎಂಜಲು ಇವತ್ತು ಕಟ್ಗೊಂಡು ಮಂದಿ ಹಿಟ್ಟಿನ ಮ್ಯಾಲ ಹೆಂಗ ಬಗ್ಗಲಿ? ನೈವೇದ್ಯದ ಹಿಟ್ಟೂ ಇದ ಗಿರಣಿಯಾಗ ಬೀಸ್ತೀನಿ. ಅದಕ್ಕ ದಿನಾ ಒಗೀತೀನಿ. ಒಗದ್ರ ಏನು ತಪ್ಪು, ನೀವ ಹೇಳ್ರಿ.”

ಹೀಗೆ ಕೇಳಿದವಳು ರಾಯದುರ್ಗದ ಅಂಬಮ್ಮ. ಬೆಟ್ಟದ ಬುಡದ ಬೀದಿಯಲ್ಲಿ, ಜೀನ್ಸ್ ಪ್ಯಾಂಟು ಹೊಲಿಯುವ ಎರಡು ಮನೆಗಳ ನಡುವೆ ಅವಳ ಹಿಟ್ಟಿನ ಗಿರಣಿ ಇದೆ. ನಾನು ವಾರಕ್ಕೊಮ್ಮೆ ಮೂರು ಸೇರು ಜೋಳ ತೆಗೆದುಕೊಂಡು ಹೋಗುತ್ತೇನೆ. ಬೀಸುವುದು ಹತ್ತು ನಿಮಿಷದ ಕೆಲಸ, ನಾನು ಅಲ್ಲಿ ಕೂರುವುದು ಒಂದೂವರೆ ತಾಸು. ಹೊರಗಿನ ಕಲ್ಲು ಕಟ್ಟೆಯ ಮೇಲೆ ಕೂತರೆ ಊರಿನ ಸುದ್ದಿಯೆಲ್ಲ ಕಿವಿಗೆ ಬೀಳುತ್ತದೆ. ಆ ದಿನ ಅವಳು ಹಾಗೆ ಕೇಳಿದಾಗ ತಪ್ಪೇನಿಲ್ಲ ಎಂದೆ. ಒಗೆದರೆ ಒಳ್ಳೆಯದೇ ಅಲ್ಲವೇ ಎಂದು ನಾನೂ ಅಂದುಕೊಂಡಿದ್ದೆ.

ಅಂಬಮ್ಮನಿಗೆ ಈಗ ಐವತ್ತೆರಡು. ಗಂಡ ದೊಡ್ಡಮಲ್ಲಪ್ಪ ತೀರಿಕೊಂಡು ಎಂಟು ವರ್ಷವಾಯಿತು. ಅವನು ಇದ್ದಾಗಲೂ ಗಿರಣಿಯ ಮುಂದೆ ನಿಲ್ಲುತ್ತಿದ್ದವಳು ಇವಳೇ. ಅವನದು ಮೋಟರು, ಬೆಲ್ಟು, ಕಲ್ಲಿಗೆ ಉಳಿ ಹಿಡಿದು ಹಲ್ಲು ಹೊಡೆಯುವುದು. ಇವಳದು ಹಿಟ್ಟು. ಯಾರ ಮನೆಯವರಿಗೆ ಜೋಳ ಎಷ್ಟು ನುಣ್ಣಗಿರಬೇಕು, ಯಾರ ರಾಗಿಯಲ್ಲಿ ಕಲ್ಲು ಹೆಚ್ಚು, ಯಾರ ಅತ್ತೆಗೆ ತರಿ ತರಿಯಾದ ಗೋಧಿ ಬೇಕು, ಇವೆಲ್ಲ ಅವಳ ನೆನಪಿನಲ್ಲೇ ಇರುತ್ತವೆ. ಬೀಳುತ್ತಿರುವ ಹಿಟ್ಟಿಗೆ ಕೈ ಒಡ್ಡಿ ಹೆಬ್ಬೆರಳಿನಿಂದ ಒಮ್ಮೆ ಉಜ್ಜುತ್ತಾಳೆ, ಕಲ್ಲನ್ನು ಅರ್ಧ ಸುತ್ತು ಬಿಗಿ ಮಾಡುತ್ತಾಳೆ, ಅಷ್ಟೇ. ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡಿದ್ದನ್ನು ಯಾರೂ ಕಂಡಿಲ್ಲ.

ಗಿರಣಿಯೊಳಗೆ ಅವಳು ಏನೂ ತಿನ್ನುವುದಿಲ್ಲ. ನೀರು ಬೇಕಾದರೆ ಹೊರಗೆ ಬಂದು ಚೊಂಬನ್ನು ತುಟಿಗೆ ತಾಗಿಸದೆ ಎತ್ತಿ ಹಿಡಿದು ಕುಡಿಯುತ್ತಾಳೆ. ಸೀನು ಬಂದರೆ ಬಾಗಿಲು ದಾಟಿ ಸೀನುತ್ತಾಳೆ. ಊರಿನಲ್ಲಿ ಗಿರಣಿಗಳು ಇನ್ನೂ ಇವೆ, ದೊಡ್ಡ ದೊಡ್ಡವು. ಆದರೂ ಪೂಜೆಗೆ, ವ್ರತಕ್ಕೆ ತೊಳೆದು ಒಣಗಿಸಿದ ಗೋಧಿಯನ್ನು ಹೆಂಗಸರು ಇವಳ ಹತ್ತಿರವೇ ತರುತ್ತಾರೆ. ಹಾಗೆ ತಂದವರು ಡಬ್ಬಿ ಇಟ್ಟು ಹೋಗುತ್ತಾರೆ, ಎದುರಿಗೆ ನಿಂತು ಕಾಯುವುದಿಲ್ಲ. ಆ ನಂಬಿಕೆಯೇ ಅವಳಿಗೆ ದೊಡ್ಡದು. ಅವಳು ಅದನ್ನು ಬಾಯಿಬಿಟ್ಟು ಹೇಳುವವಳಲ್ಲ, ಆದರೆ ನೈವೇದ್ಯದ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಕೈ ತೊಳೆದು ಬರುವುದನ್ನು ನೋಡಿದರೆ ಗೊತ್ತಾಗುತ್ತದೆ.

ಕೆಮ್ಮು ಶುರುವಾಗಿದ್ದು ಹೋದ ವರ್ಷ ದೀಪಾವಳಿಯ ಹೊತ್ತಿಗೆ. ಶಿವರಾತ್ರಿಯ ವೇಳೆಗೆ ಮೆಟ್ಟಿಲು ಹತ್ತಿದರೆ ನಿಂತು ಉಸಿರು ಹಿಡಿಯುವಂತಾಯಿತು. ಮಗ ಕಲ್ಲೇಶ ಪಕ್ಕದ ಜೀನ್ಸ್ ಮನೆಯಲ್ಲೇ ಬಟ್ಟೆ ಕತ್ತರಿಸುವ ಮಾಸ್ಟರು. ಅವನು ಮೊದಲು ತನಗೆ ತಿಳಿದ ಉಪಾಯ ಮಾಡಿದ. ಕರೋನಾ ಕಾಲದಲ್ಲಿ ಅವರ ಯೂನಿಟ್ಟಿನಲ್ಲಿ ಜೀನ್ಸ್ ಬಟ್ಟೆಯಲ್ಲೇ ಮಾಸ್ಕು ಹೊಲಿದಿದ್ದರು, ಎರಡು ಪದರ, ಬಲು ದಪ್ಪ. ಅದನ್ನು ತಂದುಕೊಟ್ಟ. ಇಷ್ಟು ದಪ್ಪ ಬಟ್ಟೆಯಲ್ಲಿ ಧೂಳು ಎಲ್ಲಿಂದ ನುಗ್ಗೀತು ಎಂದು ಅವನ ಲೆಕ್ಕ. ಅಂಬಮ್ಮ ಒಂದು ಹೊತ್ತು ಹಾಕಿಕೊಂಡು ತೆಗೆದಾಗ ನಾನು ಎದುರಿಗೇ ಇದ್ದೆ. ಮೂಗಿನ ಎರಡೂ ಪಕ್ಕದಿಂದ ತುಟಿಯವರೆಗೆ ಬೆಳ್ಳಗೆ ಹಿಟ್ಟಿನ ಗೆರೆ ಇಳಿದಿತ್ತು. ಜೋಳ ತಂದಿದ್ದ ಹೆಂಗಸರು ಅಂಬಮ್ಮನಿಗೆ ಮೀಸೆ ಬಂತು ಎಂದು ನಕ್ಕರು. ಅವಳೂ ನಕ್ಕಳು, ಆದರೆ ಕನ್ನಡಿ ತರಿಸಿ ಆ ಗೆರೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನನಗೆ ಹೇಳಿದಳು, ಬಟ್ಟೆಯೊಳಗಿಂದ ಬಂದಿದ್ದರೆ ಹಿಟ್ಟು ಮುಖದ ತುಂಬ ಇರಬೇಕಿತ್ತು. ಇದು ಸಂದಿಯಿಂದ ಬಂದಿದೆ. ದಪ್ಪ ಬಟ್ಟೆಯಲ್ಲಿ ಉಸಿರು ತೂರುವುದಿಲ್ಲ, ಅದಕ್ಕೇ ಪಕ್ಕದ ಸಂದಿ ಹುಡುಕಿಕೊಂಡು ಹೋಗಿದೆ.

ಆಮೇಲೆ ಕಲ್ಲೇಶ ಅವಳನ್ನು ಬಳ್ಳಾರಿಗೆ ಕರೆದುಕೊಂಡು ಹೋದ. ಅಲ್ಲಿಯ ಡಾಕ್ಟರು ಒಂದು ಕೊಳವೆ ಕೊಟ್ಟು ಜೋರಾಗಿ ಊದಿಸಿದರು. ಅದರ ಮೇಲಿನ ಮುಳ್ಳು ಎಷ್ಟು ದೂರ ಸರಿಯುತ್ತದೋ ಅಷ್ಟು ಉಸಿರಿನ ಬಲ. ಅಂಬಮ್ಮನದು ಇನ್ನೂರಹತ್ತು. ಅವಳ ವಯಸ್ಸಿಗೆ, ಎತ್ತರಕ್ಕೆ ಮುನ್ನೂರು ದಾಟಬೇಕಿತ್ತಂತೆ. ಉಸಿರಿನ ಜೊತೆ ಎಳೆದುಕೊಳ್ಳುವ ಔಷಧಿ ಬರೆದುಕೊಟ್ಟರು. ಎನ್ ತೊಂಬತ್ತೈದು ಅನ್ನುವ ಮಾಸ್ಕನ್ನೇ ಹಾಕಬೇಕು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಬೇಕು ಅಂದರು. ಮೂರು ತಿಂಗಳು ಬಿಟ್ಟು ಬನ್ನಿ, ಈ ಅಂಕಿ ಇನ್ನೂ ಇಳಿದಿದ್ದರೆ ಗಿರಣಿಯಲ್ಲಿ ನಿಲ್ಲುವುದನ್ನು ಬಿಡಬೇಕಾಗುತ್ತದೆ ಎಂದೂ ಅಂದರು. ಒಗೆಯಬಾರದು ಎಂದು ಅವರು ಹೇಳಿದರೋ ಇಲ್ಲವೋ ತಾಯಿ ಮಗ ಇಬ್ಬರಿಗೂ ನೆನಪಿಲ್ಲ.

ಕಲ್ಲೇಶ ಎರಡು ಮಾಸ್ಕು ಕೊಂಡು ತಂದ. ಅಂಬಮ್ಮ ತಪ್ಪದೆ ಹಾಕಿಕೊಂಡಳು. ತಂತಿ ಒತ್ತುವುದನ್ನು ಕನ್ನಡಿಯ ಮುಂದೆ ಕಲಿತಳು. ಬಿಚ್ಚಿದಾಗ ಹಿಟ್ಟಿನ ಗೆರೆ ಎಲ್ಲಿ ಕಂಡಿತೋ ಮರುದಿನ ಅಲ್ಲಿ ಇನ್ನಷ್ಟು ಒತ್ತಿ ಕೂರಿಸಿದಳು. ನಾಲ್ಕನೆಯ ದಿನಕ್ಕೆ ಮೀಸೆ ಮಾಯವಾಯಿತು. ಇಷ್ಟೆಲ್ಲ ಅಚ್ಚುಕಟ್ಟಾಗಿ ಮಾಡಿದವಳು ಸಂಜೆ ಮನೆಗೆ ಹೋಗಿ ಆ ಮಾಸ್ಕನ್ನು ಸೋಪು ಹಚ್ಚಿ ತಿಕ್ಕಿ, ಕುದಿಯುವ ನೀರಿನಲ್ಲಿ ಅದ್ದಿ, ಬಿಳಿ ಬಟ್ಟೆ ಹಳದಿಯಾಗಬಾರದೆಂದು ನೀಲಿಯನ್ನೂ ಹಾಕಿ, ತಂತಿಯ ಮೇಲೆ ರವಿಕೆಗಳ ಸಾಲಿನಲ್ಲಿ ಒಣಗಲು ಹಾಕುತ್ತಿದ್ದಳು.

ಒಂದೂವರೆ ತಿಂಗಳಾಯಿತು. ಯುಗಾದಿಯ ಹಿಟ್ಟಿನ ಭರಾಟೆಯೂ ಮುಗಿಯಿತು. ಕೆಮ್ಮು ಕಡಿಮೆಯಾಗಲಿಲ್ಲ. ಇಲ್ಲಿ ಆಂಧ್ರದಲ್ಲಿ ವಾರ್ಡಿಗೊಂದು ಇರುವ ಸಚಿವಾಲಯದ ನರ್ಸು ಸುನೀತಾ ಬೀದಿಯಲ್ಲಿ ಬಿ.ಪಿ. ನೋಡಲು ಬಂದಾಗ ಅವಳ ಚೀಲದಲ್ಲೂ ಅಂಥದೇ ಊದುವ ಕೊಳವೆ ಇತ್ತು. ಅಂಬಮ್ಮ ಊದಿದಳು. ನೂರಾ ತೊಂಬತ್ತು. ಸುನೀತಾ ಮತ್ತೆ ಊದಿಸಿದಳು, ಮೂರು ಸಲ ಊದಿಸಿದಳು. ಮುಳ್ಳು ಅದಕ್ಕಿಂತ ಮೇಲೆ ಹೋಗಲಿಲ್ಲ.

ಆ ದಿನ ಕಲ್ಲೇಶ ಗಲಾಟೆ ಮಾಡಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ಉಸಿರಿಗಾಗಿ ಬಾಯಿ ತೆರೆಯುತ್ತಿದ್ದುದನ್ನು ಕಂಡ ಹುಡುಗ ಅವನು. ಪೇಟೆಯ ಉಜ್ಜಿನಪ್ಪ ಗಿರಣಿಯನ್ನು ಹಾಗೇ ವಹಿಸಿಕೊಂಡು ನಡೆಸುತ್ತೇನೆ ಎಂದು ಮೊದಲಿನಿಂದ ಕೇಳುತ್ತಿದ್ದ. ಡಾಕ್ಟರ ಬಳಿ ಹೋಗಿ ಬಂದ ಮೇಲೆ ಅವನಿಗೆ ಹೂಂ ಅನ್ನುತ್ತೇನೆ, ನೀನು ಮನೆಯಲ್ಲಿರು ಎಂದು ಕಲ್ಲೇಶ ತಾಯಿಗೆ ಮೆತ್ತಗೆ ಹೇಳಿದ. ಮರುದಿನ ನಾನು ಹೋದಾಗ ಅವಳು ಓಡದ ಗಿರಣಿಯ ಮುಂದೆ ಸುಮ್ಮನೆ ನಿಂತಿದ್ದಳು. ಉಜ್ಜಿನಪ್ಪನ ಬಾಯಲ್ಲಿ ದಿನವಿಡೀ ಗುಟ್ಕಾ ಇರುತ್ತದೆ ಅನ್ನುವುದೊಂದನ್ನು ಹೇಳಿ ಒಳಗೆ ಹೋದಳು. ಮೇಲೆ ನೀವು ಓದಿದ ಮಾತನ್ನೆಲ್ಲ ಅವಳು ಆಡಿದ್ದು ಅವತ್ತೇ, ಸ್ವಲ್ಪ ಹೊತ್ತಾದ ಮೇಲೆ ಹೊರಗೆ ಬಂದಾಗ, ಮಾಸ್ಕನ್ನು ದಿನಾ ಯಾಕೆ ಒಗೆಯುತ್ತೀ ಎಂದು ನಾನು ಕೇಳಿದ್ದಕ್ಕೆ.

ಸುನೀತಾಳಿಗೂ ನಿದ್ದೆ ಬಂದಿರಲಿಲ್ಲವಂತೆ. ಔಷಧಿ ಎಳೆದುಕೊಳ್ಳುತ್ತಿದ್ದಾಳೆ, ಮಾಸ್ಕು ಹಾಕುತ್ತಿದ್ದಾಳೆ, ಆದರೂ ಅಂಕಿ ಯಾಕೆ ಇಳಿಯಿತು ಎಂದು ಯೋಚಿಸಿ ಅದೇ ವಾರ ಗಿರಣಿಯ ಹಿಂದಿರುವ ಮನೆಗೇ ಬಂದಳು, ಆಗ ನಾನೂ ಅಲ್ಲಿದ್ದೆ. ಅಂಗಳದಲ್ಲಿ ಕಾಲಿಟ್ಟವಳು ಒಣಗಿಸಿದ ಬಟ್ಟೆಯ ಕಡೆ ನೋಡಿ ನಿಂತುಬಿಟ್ಟಳು. ಎರಡು ರವಿಕೆಗಳ ನಡುವೆ ತಿಳಿ ನೀಲಿ ಬಣ್ಣದ ಮಾಸ್ಕು ನೇತಾಡುತ್ತಿತ್ತು. ಇದ್ಯಾವ ಹೊಸ ಕಂಪನಿ ಮಾಸ್ಕು ಅತ್ತಾ ಎಂದು ಕೇಳಿದಳು. ಸುನೀತಾ ತೆಲುಗಿನ ಮನೆಯವಳು, ಅಂಬಮ್ಮನನ್ನು ಅತ್ತಾ ಎಂದೇ ಕರೆಯುತ್ತಾಳೆ. ಬಿಳೀದೇ, ನೀಲಿ ಹಾಕೀನಿ ಎಂದು ಅಂಬಮ್ಮ ಹೆಮ್ಮೆಯಿಂದ ಹೇಳಿದಳು.

ಸುನೀತಾ ಬಯ್ಯಲಿಲ್ಲ. ಅದು ಅವಳ ಒಳ್ಳೆಯ ಗುಣ. ಮಾಸ್ಕು ಹೇಗೆ ಕೆಲಸ ಮಾಡುತ್ತದೆ ಅಂದುಕೊಂಡಿದ್ದೀ ಎಂದು ಕೇಳಿದಳು. ಜಲ್ಲಡಿ ಇದ್ದಂಗ, ಇದು ಬಲು ಸಣ್ಣ ಜಲ್ಲಡಿ ಎಂದು ಅಂಬಮ್ಮ ಹೇಳಿದಳು. ನಾನೂ ತಲೆಯಾಡಿಸಿದೆ. ಸುನೀತಾ ಚೀಲದಿಂದ ಬಾಚಣಿಗೆ ತೆಗೆದು ತನ್ನ ಕೂದಲಿಗೆ ಹತ್ತು ಸಲ ಜೋರಾಗಿ ಎಳೆದಳು. ಆಮೇಲೆ ಅದನ್ನು ಹಿಟ್ಟಿನ ಡಬ್ಬಿಯ ಮುಚ್ಚಳದ ಮೇಲಿನ ಧೂಳಿನ ಹತ್ತಿರ ಹಿಡಿದಳು. ಮುಟ್ಟಿಸಲಿಲ್ಲ, ಒಂದು ಬೆರಳಷ್ಟು ದೂರವಿತ್ತು. ಹಿಟ್ಟು ತಾನಾಗಿ ಎದ್ದು ಹಲ್ಲುಗಳಿಗೆ ಅಂಟಿಕೊಂಡಿತು.

“ಜಲ್ಲಡಿ ಅಲ್ಲತ್ತಾ ಅದು, ಈ ಬಾಚಣಿಗಿ,” ಅಂದಳು. “ನಿಜ ಹೇಳ್ಬೇಕಂದ್ರ ಅದರ ತೂತು ಸಣ್ಣ ಧೂಳಿಗಿಂತ ದೊಡ್ಡವು. ದಪ್ಪ ಧೂಳು ಹೋಗಿ ನೂಲಿಗೆ ಗುದ್ದಿ ನಿಲ್ತೈತಿ. ತೀರಾ ಸಣ್ಣದು ನೆಟ್ಟಗ ಹೋಗಂಗಿಲ್ಲ, ಕುಣಕೋತ ಕುಣಕೋತ ಹೋಗಿ ಅಂಟ್ಕೋತೈತಿ. ನಡುವಿನ ಸೈಜಿಂದ ಕಳ್ಳ, ಅದು ತಪ್ಪಿಸ್ಕೊಂಡು ಹೋಗ್ತೈತಿ. ಆ ಕಳ್ಳನ್ನ ಹಿಡಿಯಾಕಂತ ಮಾಸ್ಕಿನ ನಡುವಿನ ಪದರಕ್ಕ ಈ ಬಾಚಣಿಗಿಯ ಗುಣ ತುಂಬಿರ್ತಾರ. ನೂರು ಬಂದ್ರ ತೊಂಬತ್ತೈದು ಹಿಡೀತೈತಿ, ಅದಕ್ಕ ಆ ಹೆಸರು.”

ನಂತರ ಬಾಚಣಿಗೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಒರೆಸಿ ಮತ್ತೆ ಹಿಟ್ಟಿನ ಹತ್ತಿರ ಹಿಡಿದಳು. ಒಂದು ಕಣವೂ ಏಳಲಿಲ್ಲ.

ಅಂಬಮ್ಮ ಬಾಚಣಿಗೆಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದಳು. ಹಾಗಾದರೆ ಇಷ್ಟು ದಿನ ತಾನು ಕಟ್ಟಿಕೊಂಡಿದ್ದು ಬರೀ ಬಟ್ಟೆ ಎಂದು ಅವಳಿಗೆ ತಿಳಿಯಿತು. ಎದ್ದು ಗಿರಣಿಯೊಳಗೆ ಹೋದಳು, ನಾವೂ ಹಿಂದೆ ಹೋದೆವು. ಹಿಟ್ಟು ಬೀಳುವ ಬಾಯಿಗೆ ಒಂದು ಬಟ್ಟೆಯ ಚೀಲವನ್ನು ತೋಳಿನಂತೆ ಉದ್ದಕ್ಕೆ ಕಟ್ಟಿರುತ್ತಾರೆ, ಗಾಳಿ ಹೊರಗೆ ಹೋಗಿ ಹಿಟ್ಟು ಡಬ್ಬಿಗೆ ಇಳಿಯಲಿ ಎಂದು. ಅದನ್ನು ಮುಟ್ಟಿ ತೋರಿಸಿದಳು. ಇದನ್ನು ನಾನು ಒಗೆಯುವುದೇ ಇಲ್ಲ, ಕೋಲಿನಿಂದ ಬಡಿದು ಕಟ್ಟುತ್ತೇನೆ. ಹೊಸದರಲ್ಲಿ ಒಮ್ಮೆ ಒಗೆದಿದ್ದೆ, ಎರಡು ದಿನ ಗಿರಣಿಯೆಲ್ಲ ಮೋಡ ಕವಿದ ಹಾಗಾಗಿತ್ತು. ಸಂದುಗಳಲ್ಲಿ ಮತ್ತೆ ಹಿಟ್ಟು ಕೂತ ಮೇಲೇ ಅದು ಸರಿಯಾಗಿದ್ದು ಎಂದಳು. ಸುನೀತಾಳಿಗೆ ಇದು ಗೊತ್ತಿರಲಿಲ್ಲ, ಅವಳೂ ಬಟ್ಟೆಯನ್ನು ಹಿಂಡಿ ನೋಡಿದಳು. ಇಬ್ಬರೂ ಬಹಳ ಹೊತ್ತು ಅಲ್ಲೇ ಮಾತಾಡಿಕೊಂಡರು. ಅಂಬಮ್ಮನ ಮುಖದ ಮೇಲೆ ಬರುತ್ತಿದ್ದ ಹಿಟ್ಟಿನ ಗೆರೆಯ ಕತೆಯನ್ನು ಸುನೀತಾ ಪುಸ್ತಕದಲ್ಲಿ ಬರೆದುಕೊಂಡಳು. ಮಾಸ್ಕು ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಕಲ್ಲುಬಂಡೆ ಒಡೆಯುವ ಧೂಳಿನ ಕೆಲಸದವರಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ ಅಂದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ ನಾನು. ಸರಿಹೋಗಲಿಲ್ಲ. ಸುನೀತಾ ಹೊಸ ಮಾಸ್ಕು ಕೊಟ್ಟು, ಇದಕ್ಕೆ ನೀರು ತಾಗಿಸಬೇಡ, ಇವತ್ತು ಹಾಕಿದ್ದನ್ನು ಕಾಗದದ ಕವರಿನಲ್ಲಿಟ್ಟು ಐದಾರು ದಿನ ಬಿಟ್ಟು ಮತ್ತೆ ಹಾಕು ಎಂದಾಗ ಅಂಬಮ್ಮ ಅದನ್ನು ವಾಪಸು ಕೊಟ್ಟಳು. ಒಗೆಯದಿದ್ದರೆ ಅದು ಕೆಲಸ ಮಾಡುತ್ತದೆ, ಒಪ್ಪಿದೆ. ಆದರೆ ಒಗೆಯದ್ದನ್ನು ಬಾಯಿಗೆ ಕಟ್ಟಿಕೊಂಡು ಹಿಟ್ಟಿನ ಮುಂದೆ ನಿಲ್ಲಲು ತನ್ನಿಂದಾಗದು ಎಂದಳು. ದಿನಕ್ಕೊಂದು ಹೊಸದು ಹಾಕಿ ಬಿಸಾಡು ಎಂದರೆ ಅದಕ್ಕೂ ಒಪ್ಪಲಿಲ್ಲ. ಅಷ್ಟು ಮಾಸ್ಕು ಎಲ್ಲಿಂದ ತರುವುದು, ಎಲ್ಲಿ ಎಸೆಯುವುದು. ಸುನೀತಾ ಅದು ನಿನ್ನ ಬಾಯಿಯದೇ ತಾನೇ ಎಂದು ತಿಳಿಹೇಳಿದಳು. ಅಂಬಮ್ಮ ಒಂದೇ ಮಾತು ಹೇಳಿದಳು.

“ನನಗ ಗೊತ್ತಿದ್ದು ಮಂದಿಗೆ ಗೊತ್ತಿಲ್ಲ ಅಂತ ಮಾಡಿದ್ರ, ಉಜ್ಜಿನಪ್ಪಗೂ ನನಗೂ ಏನು ಫರಕು?”

ಗುರುವಾರ ಗಿರಣಿಯ ಬಾಗಿಲು ತೆರೆಯಲಿಲ್ಲ. ಶುಕ್ರವಾರವೂ ತೆರೆಯಲಿಲ್ಲ. ಡಬ್ಬಿ ಹಿಡಿದು ಬಂದವರು ಬೀಗ ನೋಡಿ ಹಿಂದಿರುಗಿದರು. ನಾನು ಮನೆಗೆ ಹೋದಾಗ ಅಂಬಮ್ಮ ಅಂಗಳದಲ್ಲಿ ಕೂತು ಕೆಲಸವಿಲ್ಲದ ಕೈಗಳಿಂದ ಹುಣಸೆಹಣ್ಣಿನ ನಾರು ಬಿಡಿಸುತ್ತಿದ್ದಳು. ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ ಅಕ್ಕ ಅಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದರಿಂದಲೇ ನನಗೆ ಹೆಚ್ಚು ಸಂಕಟವಾಯಿತು.

ಸೊಸೆ ಗಂಗೋತ್ರಿ ಮಡಕಶಿರಾ ಕಡೆಯವಳು. ಅತ್ತೆ ಹೀಗೆ ಕೆಲಸ ಬಿಟ್ಟು ಕೂತದ್ದನ್ನು ನೋಡಲಾರದೆ ತನ್ನ ತಾಯಿಗೆ ಫೋನು ಮಾಡಿದ್ದಳು. ಶನಿವಾರ ಹತ್ತು ಗಂಟೆಗೆ ಆ ತಾಯಿ ನರಸಮ್ಮ ಅಗಳಿ ಹತ್ತಿರದ ತನ್ನ ಹಳ್ಳಿಯಿಂದ ಮೂರು ಬಸ್ಸು ಹತ್ತಿಳಿದು, ತಲೆಯ ಮೇಲೆ ರಾಗಿ ಚೀಲ ಹೊತ್ತು ಬಂದಿಳಿದಳು. ಬಡಕಲು ಮೈ, ಗಟ್ಟಿ ದನಿ. ಅವರ ಮನೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಾರೆ. ಬಂದವಳು ನೀರು ಕುಡಿಯುವ ಮೊದಲೇ, ಬೀಗ್ತಿ ಮನೆ ಗಿರಣಿ ಇದೆ ಅಂತ ನಮ್ಮೂರಲ್ಲಿ ಬೀಸಿಸದೆ ಹೊತ್ತು ತಂದೆ, ಇಲ್ಲಿ ನೋಡಿದರೆ ಬೀಗ ಹಾಕಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದೀರಿ ಎಂದು ಮಾತಿನಲ್ಲೇ ತಿವಿದಳು.

ಅಂಬಮ್ಮ ಎದ್ದು ಕಾಲಿಗೆ ನೀರು ಕೊಟ್ಟಳು, ಉಪ್ಪಿಟ್ಟು ಮಾಡಿಸಿದಳು. ಉಪ್ಪಿಟ್ಟು ತಿನ್ನುತ್ತ ನರಸಮ್ಮ ಎಲ್ಲವನ್ನೂ ಬಿಡಿಸಿ ಬಿಡಿಸಿ ಕೇಳಿದಳು. ಊದುವ ಕೊಳವೆ, ಬಾಚಣಿಗೆ, ಉಜ್ಜಿನಪ್ಪ, ಎಲ್ಲ. ಕೊನೆಗೆ ಎಂಜಲಿನ ಮಾತಿಗೆ ಬಂದಾಗ ಅವಳಿಗೆ ನಗು ಬಂತು. ಅಂಬಮ್ಮನಿಗೆ ಅದು ಚುಚ್ಚಿತು.

“ನಗ್ರಿ ನಗ್ರಿ,” ಅಂದಳು. “ಹುಳದ ಜೊತಿ ಒಂದ ಮನ್ಯಾಗ ಮಲಗೋ ಮಂದಿ ನೀವು. ನಿಮಗ ಎಂಜಲು ಮುಸುರಿ ಎಲ್ಲಿಂದ ತಿಳೀಬೇಕು?”

ನರಸಮ್ಮ ಬೇಸರಿಸಲಿಲ್ಲ. ಹುಳದ ಮನೆಗೆ ಕಾಲು ತೊಳೆಯದೆ ತನ್ನ ಗಂಡನನ್ನೂ ಬಿಡುವುದಿಲ್ಲ, ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ಹುಳ ಸಾಯುತ್ತದೆ, ಮಡಿ ಅಂದರೆ ಏನೆಂದು ನಮ್ಮ ಮನೆಗೆ ಬಂದು ನೋಡಿ ಎಂದಳು. ಆಮೇಲೆ ಕೈ ತೊಳೆದು ಬಂದು ಸರಿಯಾಗಿ ಕೂತಳು.

“ಒಂದು ಕೇಳ್ತೀನಿ, ಹೇಳವ್ವ. ಸೋಮವಾರ ಪೂಜೆಗೆ ಏನುಟ್ಕಂತೀಯ?”

“ರೇಷ್ಮಿ ಸೀರಿ.”

“ದಿನಾ ಒಗೀತೀಯ ಅದನ್ನ?”

“ರೇಷ್ಮಿ ಯಾರರ ಒಗೀತಾರೇನ್ರಿ? ಗಾಳಿಗೆ ಹಾಕಿ ಮಡಚಿಡ್ತೀನಿ.”

“ಆ ನೂಲು ಎಲ್ಲಿಂದ ಬತ್ತದೆ ಗೊತ್ತೇನವ್ವ? ಹುಳದ ಬಾಯಿಂದ. ನಾನು ದಿನಾ ಕಣ್ಣಾರೆ ನೋಡ್ತೀನಿ. ತಲೆ ಹಿಂಗೆ ಹಿಂಗೆ ಆಡಿಸ್ಕಂಡು ಬಾಯಾಗಳ ಜೊಲ್ಲು ಎಳೆದೆಳೆದು ಗೂಡು ಕಟ್ತದೆ. ಹುಳದ ಎಂಜಲು ಮೈತುಂಬ ಸುತ್ಕಂಡು ಶಿವನ ಮುಂದೆ ಕುಂತ್ಕಂಬೋಳು ನೀನು. ಅದು ಮಡಿ. ನಿನ್ನ ಬಾಯಿಂದು ನಿನಗೇ ಎಂಜಲಾ?”

ಬಾಗಿಲಲ್ಲಿ ನಿಂತಿದ್ದ ಗಂಗೋತ್ರಿ ಸೆರಗಿನಿಂದ ನಗು ಮುಚ್ಚಿಕೊಂಡಳು. ಬೇರೆಯವರು ಹೇಳಿದ್ದರೆ ಅಂಬಮ್ಮ ಇದನ್ನು ಕುಚೋದ್ಯ ಅಂದುಬಿಡುತ್ತಿದ್ದಳೇನೋ. ಆದರೆ ಹೇಳಿದವಳು ಹುಳ ಸಾಕುವವಳು, ನೋಡಿದ್ದನ್ನು ಹೇಳುತ್ತಿದ್ದಳು. ಅಂಬಮ್ಮ ಬೇರೆಯೇ ಒಂದು ಪ್ರಶ್ನೆ ಕೇಳಿದಳು. ರೇಷ್ಮೆ ಸೀರೆಯನ್ನು ಎಷ್ಟು ಸಲ ಉಟ್ಟ ಮೇಲೆ ಮಡಿ ಹೋಯಿತು ಅನ್ನಬೇಕು ಎಂದು. ಹರಿದಾಗ, ಕಲೆಯಾದಾಗ ಎಂದು ನರಸಮ್ಮ ಹೇಳಿದಳು. ಸುನೀತಾ ಮಾಸ್ಕಿನ ವಿಷಯದಲ್ಲೂ ಹೆಚ್ಚು ಕಡಿಮೆ ಅದನ್ನೇ ಹೇಳಿದ್ದಳು. ದಾರ ಸಡಿಲವಾದರೆ, ಕೊಳೆಯಾದರೆ, ಉಸಿರೆಳೆಯುವುದು ಕಷ್ಟವಾದರೆ ತೆಗೆದುಬಿಡು ಎಂದು.

ಆದರೂ ಅಂಬಮ್ಮ ಕದ್ದು ಮಾಡುವವಳಲ್ಲ. ಕಲ್ಲೇಶನಿಂದ ಹೊಸ ಮಾಸ್ಕುಗಳನ್ನು ತರಿಸಿಕೊಂಡು ಭಾನುವಾರ ಬಾಗಿಲು ತೆರೆದಾಗ ಮೊದಲು ಬಂದ ಹೆಂಗಸರಿಗೆ ಎಲ್ಲವನ್ನೂ ಹೇಳಿದಳು. ಇದನ್ನು ನಾನು ಒಗೆಯುವುದಿಲ್ಲ, ವಾರಕ್ಕೆ ಏಳು ಇವೆ, ಒಂದೊಂದನ್ನು ಒಂದೊಂದು ದಿನ ಹಾಕುತ್ತೇನೆ, ಉಳಿದ ದಿನ ಅದು ಕವರಿನಲ್ಲಿ ಗಾಳಿ ಆಡುವ ಕಡೆ ಇರುತ್ತದೆ. ನಿಮಗೆ ಮನಸ್ಸಿಗೆ ಬಾರದಿದ್ದರೆ ನೈವೇದ್ಯದ ಹಿಟ್ಟನ್ನು ಬೇರೆ ಕಡೆ ಬೀಸಿಸಿ, ನನಗೆ ಬೇಜಾರಿಲ್ಲ. ನಾನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಇಬ್ಬರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಒಬ್ಬಳು ತನ್ನ ತೊಳೆದ ಗೋಧಿಯ ಡಬ್ಬಿಯನ್ನು ಎತ್ತಿಕೊಂಡು ಹೋದಳು. ಹೋದವಳು ಈವರೆಗೂ ಬಂದಿಲ್ಲ. ಇನ್ನೊಬ್ಬಳು, ಎಂಬತ್ತರ ಮುದುಕಿ, ನಿನ್ನ ಬಾಯಿ ಮುಚ್ಚಿದ್ದರೆ ನನ್ನ ಹಿಟ್ಟಿಗೆ ಒಳ್ಳೆಯದೇ ಅಲ್ಲವೇನೇ ಎಂದು ಡಬ್ಬಿ ಇಟ್ಟು ಹೊರಟಳು. ಮುದುಕಿ ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ ತಿಳಿಯಲಿಲ್ಲ. ಅಂಬಮ್ಮ ಆ ಡಬ್ಬಿಯ ಮುಚ್ಚಳ ತೆಗೆಯುವ ಮೊದಲು ಕೈ ತೊಳೆದು ಬಂದಳು.

ಏಳು ಕವರಿನ ಮೇಲೆ ಗಂಗೋತ್ರಿ ಏಳು ವಾರದ ಹೆಸರು ಬರೆದುಕೊಟ್ಟಿದ್ದಾಳೆ. ಅಂಬಮ್ಮನಿಗೆ ಓದು ಬಾರದು. ಸೋಮವಾರದ ಕವರಿಗೆ ವಿಭೂತಿಯ ಮೂರು ಗೆರೆ ಎಳೆದು ಅಲ್ಲಿಂದ ಮುಂದಕ್ಕೆ ಎಣಿಸಿಕೊಳ್ಳುತ್ತಾಳೆ. ಮೊದಮೊದಲು ಮೆಣಸಿನಕಾಯಿ ಬೀಸುವ ದಿನ ಘಾಟು ಒಳಗೆ ಬಂತೆಂದು, ಮಾಸ್ಕು ಸೋತಿದೆ ಎಂದು ಸುನೀತಾಳಿಗೆ ಫೋನು ಮಾಡುತ್ತಿದ್ದಳು. ವಾಸನೆ ಧೂಳಲ್ಲ, ಅದು ಗಾಳಿಯೇ, ಈ ಮಾಸ್ಕು ಹಿಡಿಯುವುದು ಧೂಳನ್ನು ಮಾತ್ರ ಎಂದು ಸುನೀತಾ ಎರಡು ಸಲ ತಿಳಿಹೇಳಬೇಕಾಯಿತು.

ಮೂರು ತಿಂಗಳು ಮುಗಿದಾಗ ಕಲ್ಲೇಶ ತಾಯಿಯನ್ನು ಬಳ್ಳಾರಿಗೆ ಕರೆದೊಯ್ದ. ಹೋಗುವ ದಿನ ಉಜ್ಜಿನಪ್ಪ ಬಸ್ ಸ್ಟ್ಯಾಂಡಿನಲ್ಲೇ ಸಿಕ್ಕಿ, ಸಂಜೆ ಬರುತ್ತೇನೆ ಎಂದನಂತೆ. ಡಾಕ್ಟರು ಊದಿಸಿದರು. ಇನ್ನೂರಮೂವತ್ತೈದು. ಸಾಕಷ್ಟು ಅಲ್ಲ, ಆದರೆ ಏರಿದೆ ಎಂದರು. ಔಷಧಿಯದೂ ಇದೆ, ಮಾಸ್ಕಿನದೂ ಇದೆ, ಯಾವುದು ಎಷ್ಟು ಎಂದು ಹೇಳಲಾಗದು ಎಂದೂ ಅಂದರು. ಗಿರಣಿ ನಡೆಸಬಹುದು. ಆದರೆ ಗೋಡೆಗೆ ಗಾಳಿ ಹೊರಗೆಳೆಯುವ ಫ್ಯಾನು ಹಾಕಿಸಬೇಕು, ಮೆಣಸಿನಕಾಯಿ ಬೀಸುವುದನ್ನು ಬಿಡಬೇಕು, ನೆಲಕ್ಕೆ ನೀರು ಚಿಮುಕಿಸದೆ ಕಸ ಗುಡಿಸಬಾರದು. ಮೆಣಸಿನಕಾಯಿ ಬಿಡಬೇಕಾಗಿದ್ದಕ್ಕೆ ಅಂಬಮ್ಮನಿಗೆ ಸ್ವಲ್ಪ ನೋವಾಯಿತು. ಬರುವಾಗ ಬಸ್ಸಿನಲ್ಲಿ ಕಲ್ಲೇಶನೇ ಉಜ್ಜಿನಪ್ಪನಿಗೆ ಫೋನು ಮಾಡಿ ಬರಬೇಡಿ ಎಂದ. ತಾಯಿ ಕಿಟಕಿಯ ಹೊರಗೆ ನೋಡುತ್ತ ಕೇಳಿಸಿಕೊಂಡಳಂತೆ.

ನಿನ್ನೆ ನಾನು ಹೋದಾಗ ಸಂಜೆ ಆರಾಗಿತ್ತು. ಕಲ್ಲು ನಿಂತಿತ್ತು, ಗೋಡೆಯ ಫ್ಯಾನು ಮಾತ್ರ ತಿರುಗುತ್ತಿತ್ತು. ನನ್ನ ಜೋಳದ ಹಿಟ್ಟು ಡಬ್ಬಿಯಲ್ಲಿ ಇನ್ನೂ ಬೆಚ್ಚಗಿತ್ತು. ಮುಂದಿನ ವಾರ ಬೇಗ ಬರ್ರಿ ಅಕ್ಕ, ಅವತ್ತು ಮದುವೆ ಮನೆಯ ಎರಡು ಚೀಲ ಗೋಧಿ ಇದೆ, ಆಮೇಲೆ ತಡವಾಗುತ್ತದೆ ಎಂದು ಮಾಸ್ಕಿನೊಳಗಿಂದಲೇ ಹೇಳಿದಳು. ನಾನು ಕಟ್ಟೆ ಇಳಿಯುವಾಗ ಅವಳು ಬಕೆಟ್ಟಿನ ನೀರನ್ನು ಕೈಯಿಂದ ನೆಲದ ಮೇಲೆ ಚಿಮುಕಿಸಿ, ಹಿಟ್ಟು ನೆನೆಯಲೆಂದು ಸ್ವಲ್ಪ ನಿಂತು, ಬಾಗಿ ಒಳಗಿನ ಮೂಲೆಯಿಂದ ಬಾಗಿಲ ಕಡೆಗೆ ಗುಡಿಸತೊಡಗಿದಳು.